ಕತ್ತರಿಯ ಕಾಯಕ

ಕಳೆದ ತಿಂಗಳು ಕುಷ್ಟಗಿಯ ಕಡೆಯ ಬಂಧುಗಳೊಬ್ಬರು ಕೊಪ್ಪಳದ ನಮ್ಮ ಮನೆಗೆ ಬಂದು ಚಿಂತಾಕ್ರಾಂತರಾಗಿ ಕುಳಿತರು. ಅವರ ಮಗನು ಚಲಚ್ಚಿತ್ರದ ಸಂಕಲನವಿದ್ಯೆಯನ್ನು ಕಲಿಯಬೇಕೆಂದು ಹಟ ಹಿಡಿದಿರುವನಂತೆ. “ಮಾಸ್ತರರೇ, ನಿರ್ದೇಶಕನಾಗುವೆನೆಂದರೆ ಅದೊಂದು ಮಾತು. ಪರರು ತೆಗೆದ ಚಿತ್ರವನ್ನು ಕತ್ತರಿಸುತ್ತ ಕೋಣೆಯಲ್ಲಿ ಕೂಡುವುದೂ ಒಂದು ವಿದ್ಯೆಯೇ? ನಿಮ್ಮ ಮಾತನ್ನು ಅವನು ಮೀರಲಾರನು, ನೀವೇ ಬುದ್ಧಿ ಹೇಳಿರಿ” ಎಂದರು. ನಾನು ಒಪ್ಪಿದೆನು. ಆದರೆ ಬುದ್ಧಿ ಹೇಳುವವನು ಮೊದಲು ವಿಷಯವನ್ನು ತಿಳಿದಿರಬೇಕಷ್ಟೆ. ತಿಳಿಯಹೊರಟ ನನಗೆ ಎದುರಾದುದು ಹೃಷೀಕೇಶ ಮುಖರ್ಜಿಯವರ ಜೀವನ.

ಇವರು 1922ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದರು. ರಸಾಯನಶಾಸ್ತ್ರದಲ್ಲಿ ಪದವಿ ಪಡೆದು ಕೆಲಕಾಲ ಗಣಿತ, ವಿಜ್ಞಾನಗಳನ್ನು ಬೋಧಿಸಿದರೆಂದು ಓದಿದಾಗ, ನಮ್ಮ ವೃತ್ತಿಯವರೇ ಎಂದು ನನಗೆ ಅಭಿಮಾನವುಂಟಾಯಿತು. ಬಳಿಕ ನ್ಯೂ ಥಿಯೇಟರ್ಸ್ ಸಂಸ್ಥೆಯನ್ನು ಸೇರಿ ಸುಬೋಧ ಮಿತ್ರರೆಂಬ ಹಿರಿಯರಲ್ಲಿ ಸಂಕಲನವನ್ನು ಕಲಿತರು. ಆ ಗುರುಗಳನ್ನು ಜನರು ಕರೆಯುತ್ತಿದ್ದುದೇ ‘ಕೆಂಚಿದಾ’ ಎಂದು, ಎಂದರೆ ಕತ್ತರಿಯಣ್ಣ!

ಈ ಕತ್ತರಿಯ ಕೆಲಸವಾದರೂ ಎಂಥದು? ತೆರೆಯ ಮೇಲೆ ಒಂದು ಕ್ಷಣದಲ್ಲಿ 24 ಚಿತ್ರಗಳು ಸರಿಯುತ್ತವೆ. ಹಿಂದಿನ ಸುರುಳಿಗಳ ಕಾಲದಲ್ಲಿ ಒಂದು ನಿಮಿಷದ ಆಟಕ್ಕೆ 90 ಅಡಿ ಪಟ್ಟಿ ಬೇಕಾಗುತ್ತಿತ್ತು. ತೆಗೆದುದೆಲ್ಲವೂ ಚಿತ್ರವಾಗದು. ಯಾವುದನ್ನು ಉಳಿಸಬೇಕು, ಯಾವುದರ ಮುಂದೆ ಯಾವುದನ್ನಿಡಬೇಕು, ಒಂದು ಮುಖವನ್ನು ಎಷ್ಟು ಹೊತ್ತು ನೋಡಿದರೆ ಮನಸ್ಸು ಕರಗೀತು ಎಂಬ ವಿವೇಚನೆಯೇ ಸಂಕಲನ. ಇಂದು ಗಣಕಯಂತ್ರವು ಕತ್ತರಿಯ ಸ್ಥಾನಕ್ಕೆ ಬಂದಿದ್ದರೂ ವಿವೇಚನೆ ಅದೇ. ಕ್ಷೇಮೇಂದ್ರನು ‘ಔಚಿತ್ಯ’ವೆಂದು ಕರೆದುದು ಇದನ್ನೇ ಅಲ್ಲವೆ? ಗಂಗಾವತಿಯ ಹೆಣ್ಣುಮಕ್ಕಳು ಮೊರದಲ್ಲಿ ಅಕ್ಕಿ ಕೇರುವುದನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾದುದಿಲ್ಲ. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ನಮ್ಮ ಕೊಪಣವನ್ನೂ ಹೆಸರಿಸಿತು. ತಿರುಳಿನ ಬೆಲೆಯನ್ನು ನಾವೇ ಅರಿಯದಿದ್ದರೆ ಹೇಗೆ?

1951ರಲ್ಲಿ ಮುಖರ್ಜಿಯವರು ಮುಂಬಯಿಯಲ್ಲಿ ಬಿಮಲ ರಾಯರ ಬಳಿ ಸಂಕಲನಕಾರರೂ ಸಹಾಯಕ ನಿರ್ದೇಶಕರೂ ಆದರು. ‘ದೋ ಬೀಘಾ ಜಮೀನ್’ ಚಿತ್ರದ ಸಂಕಲನ ಅವರದೇ. 1957ರಲ್ಲಿ ಸ್ವತಂತ್ರವಾಗಿ ನಿರ್ದೇಶಿಸಿದ ‘ಮುಸಾಫಿರ್’, ಒಂದೇ ಬಾಡಿಗೆಯ ಮನೆಗೆ ಒಂದರ ಬಳಿಕ ಒಂದಾಗಿ ಬರುವ ಮೂರು ಸಂಸಾರಗಳ ಕಥೆ. ಅದು ಹಣ ತರಲಿಲ್ಲ. ಅವರು ಎದೆಗುಂದಲಿಲ್ಲ; ಕತ್ತರಿಯನ್ನು ಕೆಳಗಿಡಲೂ ಇಲ್ಲ. 1958ರ ‘ಮಧುಮತಿ’ಯ ಸಂಕಲನವು ಅವರಿಗೆ ಪ್ರಶಸ್ತಿಯನ್ನು ತಂದಿತು. 1959ರ ‘ಅನಾಡಿ’ ಜನಪ್ರಿಯವಾಯಿತು; 1960ರ ‘ಅನುರಾಧಾ’ ರಾಷ್ಟ್ರಮನ್ನಣೆಯನ್ನು ಪಡೆಯಿತು. ನಿರ್ದೇಶಕರೆಂದು ಹೆಸರಾದ ಮೇಲೂ 1965ರ ಮಲಯಾಳದ ‘ಚೆಮ್ಮೀನ್’ ಚಿತ್ರಕ್ಕಾಗಿ ಸಂಕಲನಕ್ಕೆ ಕುಳಿತರು.

1971ರ ‘ಆನಂದ್’ ಚಿತ್ರವನ್ನು ನಿರ್ದೇಶಿಸಿ ಸಂಕಲಿಸಿದವರೂ ಅವರೇ. ನಾಯಕನು ತೀರಿಕೊಂಡಿರುವನೆಂಬುದು ನೋಡುವವರಿಗೆ ಮೊದಲೇ ತಿಳಿದಿರುತ್ತದೆ. ಆದರೂ ಅವನೊಡನೆ ನಕ್ಕು, ಕಡೆಗೆ ಅಳುತ್ತೇವೆ. ಯಾವುದನ್ನು ಯಾವಾಗ ತೋರಿಸಬೇಕೆಂಬುದನ್ನು ಬಲ್ಲವನ ಕೈಚಳಕವಿದು. 1999ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. 2006ರಲ್ಲಿ ಅವರು ನಿಧನರಾದರು. ಪುಣೆಯ ಚಲಚ್ಚಿತ್ರ ಸಂಸ್ಥೆಯಲ್ಲಿ ಸಂಕಲನವನ್ನೇ ಓದಿ ನಿರ್ದೇಶಕರಾದ ರಾಜಕುಮಾರ ಹಿರಾನಿಯವರೂ ಇದೇ ದಾರಿಯವರು.

ಹುಡುಗನು ಬಂದನು. “ನಿನಗೆ ಹೆಸರು ಬೇಕೋ, ಕೆಲಸ ಬೇಕೋ?” ಎಂದು ಕೇಳಿದೆನು. “ಅಜ್ಜಾ, ಮೊದಲು ಕೆಲಸ ಕಲೀತೀನಿ” ಎಂದನು. ಮೂವತ್ತು ವರ್ಷ ಮಕ್ಕಳ ಪ್ರಬಂಧಗಳಲ್ಲಿ ಬೇಡದ ಮಾತುಗಳನ್ನು ಹೊಡೆದುಹಾಕಿದ ನನಗೆ ಅವನನ್ನು ತಡೆಯಲು ನಾಲಗೆ ಬರಲಿಲ್ಲ. ಮನೆಗೆ ಹಣ ತರುವುದಕ್ಕೆ ಹಲವು ವರ್ಷಗಳು ಹಿಡಿಯಬಹುದೆಂಬುದನ್ನು ಮಾತ್ರ ಮುಚ್ಚಿಡದೆ ಹೇಳಿದೆನು.

ಅವನ ತಂದೆಗೆ ಕೊಟ್ಟ ಮಾತಿಗೆ ಹೀಗೆ ತಪ್ಪಿ, ಕಾಗದ ಬರೆದಿದ್ದೇನೆ, ಉತ್ತರ ಬಂದಿಲ್ಲ. ಗೃಹಸ್ಥರೇ, ಮಕ್ಕಳು ಆರಿಸಿಕೊಂಡ ವಿದ್ಯೆಯ ಹೆಸರು ನಮಗೆ ಹೊಸದಾದ ಮಾತ್ರಕ್ಕೆ ಅದನ್ನು ಕೀಳೆಂದು ಬಗೆಯಬಾರದು. ಕತ್ತರಿ ಹಾಕುವ ಮುನ್ನ ತಿರುಳಾವುದು, ಹೊಟ್ಟಾವುದು ಎಂದು ನೋಡತಕ್ಕ ಹೊಣೆ ತಂದೆತಾಯಿಗಳಿಗೂ ಉಂಟು.