ಆಟಿಸಂ ಮಕ್ಕಳು: ಹುಡುಕಾಟ ಕಾಲುವೆಯಿಂದಲೇ ಆರಂಭವಾಗಲಿ

ಕುರುಗೋಡು: ತುಂಗಭದ್ರಾ ಕೆಳಮಟ್ಟದ ಕಾಲುವೆ (ಎಲ್‌ಎಲ್‌ಸಿ) ಕುರುಗೋಡು, ಸಿರುಗುಪ್ಪ ಭಾಗದ ಭತ್ತದ ಗದ್ದೆಗಳ ಜೀವನಾಡಿ. ಅದರ ಏರಿಯೇ ಹೊಲದ ದಾರಿ, ದಂಡೆಯೇ ಬಟ್ಟೆ ಒಗೆಯುವ ಜಾಗ. ಬೇಸಿಗೆಯಲ್ಲಿ ಬತ್ತಿ ಮಕ್ಕಳ ಆಟದ ಬಯಲಾಗುವ ಕಾಲುವೆ, ಮುಂಗಾರಿನಲ್ಲಿ ನೀರು ಬಿಟ್ಟ ದಿನ ಸ್ವರೂಪವನ್ನೇ ಬದಲಿಸುತ್ತದೆ. ಇದು ಎಲ್ಲ ಮಕ್ಕಳಿಗೂ ಅಪಾಯವೇ ಸರಿ. ಆದರೆ ಕರೆದರೆ ಓಗೊಡದ, ನೀರಿನ ಮಿನುಗಿಗೆ ಮನಸೋಲುವ ಆಟಿಸಂ ಮಗುವಿನ ವಿಷಯದಲ್ಲಿ ಈ ಅಪಾಯ ಹಲವು ಪಟ್ಟು ಹೆಚ್ಚು.

ಎಷ್ಟು ಪಟ್ಟು? ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಟಿಸಂ ಇರುವ ಮಕ್ಕಳು ಮುಳುಗಿ ಸಾಯುವ ಸಂಭವ ಇತರ ಮಕ್ಕಳಿಗಿಂತ 160 ಪಟ್ಟು ಅಧಿಕ. ನಾಲ್ಕು ವರ್ಷ ದಾಟಿದ ಬಳಿಕ ಒಮ್ಮೆಯಾದರೂ ಹೇಳದೆ ಕೇಳದೆ ಹೊರನಡೆಯಲು ಯತ್ನಿಸಿದವರು ಶೇ 49 ಎಂದು ಅದೇ ದೇಶದ 2012ರ ಸಮೀಕ್ಷೆ ಹೇಳಿತ್ತು. ನಮ್ಮಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2022ರಲ್ಲಿ ದಾಖಲಿಸಿದ ಮುಳುಗು ಸಾವುಗಳು ಸುಮಾರು 38 ಸಾವಿರ. ವಯಸ್ಸು, ಲಿಂಗಗಳ ವಿಂಗಡಣೆ ಅಲ್ಲಿದೆ, ಅಂಗವೈಕಲ್ಯದ್ದಿಲ್ಲ. ಲೆಕ್ಕಕ್ಕೇ ಸಿಗದ ಸಾವನ್ನು ತಡೆಯುವ ಹೊಣೆ ಯಾವ ಇಲಾಖೆಯದ್ದು?

ಬಾಗಿಲಿಗೆ ಅಲಾರಂ ಕಟ್ಟಿ ಎಂಬುದು ವಿದೇಶಿ ತಜ್ಞರ ಮೊದಲ ಸಲಹೆ. ಬೆಳಗಿನಿಂದ ರಾತ್ರಿಯವರೆಗೆ ಬಾಗಿಲು ತೆರೆದೇ ಇರುವ ನಮ್ಮ ಊರುಗಳಿಗೆ ಇದು ಅರ್ಧ ಮಾತ್ರ ಅನ್ವಯಿಸುತ್ತದೆ. ಮೇಲಾಗಿ, ಕಾಲುವೆ ತುಂಬಿ ಹರಿಯುವ ಹೊತ್ತೇ ಭತ್ತದ ನಾಟಿಯ ಹೊತ್ತು. ತಾಯಿ ಗದ್ದೆಯಲ್ಲಿ, ಮಗು ಅಜ್ಜಿಯ ಬಳಿ. ಓಡುವ ಮಗುವಿನ ಹಿಂದೆ ಅಜ್ಜಿ ಎಷ್ಟು ದೂರ ಹೋದಾಳು?

ಮಗು ಕಾಣದಾದಾಗ ಜನ ಮೊದಲು ಧಾವಿಸುವುದು ಬಸ್ ನಿಲ್ದಾಣಕ್ಕೆ, ಗುಡಿಗೆ, ನೆಂಟರ ಮನೆಗೆ. ನಾಪತ್ತೆಯಾದ ಮಗುವಿನ ದೂರಿಗೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಆದೇಶಿಸಿದ್ದೇನೋ ನಿಜ. ಆದರೆ ಮುಳುಗುವುದು ನಿಮಿಷಗಳ ಮಾತು. 112ಕ್ಕೆ ಕರೆ ಮಾಡುತ್ತಲೇ ಇಬ್ಬರು ನೇರ ನೀರಿನ ಕಡೆಗೆ ಓಡಬೇಕು. ಗುಂಪಾಗಿ ಕೂಗಾಡಿದರೆ ಸದ್ದಿಗೆ ಬೆದರುವ ಮಗು ಇನ್ನೂ ದೂರ ಸರಿಯಬಹುದು. ಮಗುವಿಗೆ ಪ್ರಿಯವಾದ ಹಾಡು, ಗುರುತಿನ ದನಿ ಹೆಚ್ಚು ಫಲಕಾರಿ.

ಇದಕ್ಕೆ ಹೊಸ ಯೋಜನೆಯ ಅಗತ್ಯವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಇಂಥ ಮಕ್ಕಳ ಮನೆ ಯಾವುದು, ಹತ್ತಿರದ ನೀರು ಎಲ್ಲಿ ಎಂಬುದು ಅವರ ಬಳಿಯೂ ಠಾಣೆಯಲ್ಲೂ ಇದ್ದರೆ ಸಾಕು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಬೇಕಾದ ಪಟ್ಟಿಯಂತೂ ಇದಲ್ಲ. ನೀರು ಬಿಡುವ ಮುನ್ನಾದಿನ ಕಾಲುವೆಯ ಗ್ಯಾಂಗ್‌ಮನ್‌ಗಳಿಂದ ಆ ಮನೆಗಳಿಗೊಂದು ಫೋನ್ ಕರೆ ಹೋಗಲಿ.

ತಡೆಗೋಡೆಯ ಮಾತು ಬೇರೆ. 2018ರ ನವೆಂಬರ್‌ನಲ್ಲಿ ಮಂಡ್ಯ ಜಿಲ್ಲೆಯ ಕನಗನಮರಡಿ ಬಳಿ ಬಸ್ ವಿ.ಸಿ. ನಾಲೆಗೆ ಉರುಳಿ 30 ಮಂದಿ ಸತ್ತಾಗ ತಡೆಗೋಡೆಯ ಕೂಗೆದ್ದಿತು. ಆದರೆ ವಾಹನ ತಡೆಯುವ ಕಂಬಿಯ ಕೆಳಗೆ ಮಗು ಸಲೀಸಾಗಿ ನುಸುಳುತ್ತದೆ. ಕಾಂಕ್ರೀಟ್ ಹೊದಿಸಿದ ಇಳಿಜಾರಿನಲ್ಲಿ ಜಾರಿದವರಿಗೆ ಹಿಡಿಯಲು ಆಸರೆ ಬೇಕು: ಜನವಸತಿಯ ಬಳಿ ಮೆಟ್ಟಿಲು, ಅಡ್ಡ ಹಗ್ಗ. ಮಗುವಿಗೆ ಈಜು ಕಲಿಸುವುದೂ ಆಗಬೇಕಾದ ಕೆಲಸವೇ. ತಾಳ್ಮೆಯ ಗುರು ಸಿಕ್ಕರೆ ಆಟಿಸಂ ಮಕ್ಕಳೂ ಈಜು ಕಲಿಯುತ್ತಾರೆ. ಉಟ್ಟ ಬಟ್ಟೆಯಲ್ಲೇ ತೇಲುವುದನ್ನು, ತಿರುಗಿ ದಂಡೆ ಹಿಡಿಯುವುದನ್ನು ಮೊದಲು ಕಲಿಸಬೇಕು.