ಗಣಿನೆಲದ ಹಸುರು: ಮೇವೋ ಕಳೆಯೋ?

ನೆಲವನ್ನು ಅಗೆದು ಚಿನ್ನವನ್ನು ತೆಗೆಯುವ ಉದ್ಯೋಗವು ರಾಯಚೂರು ಸೀಮೆಗೆ ಹೊಸದಲ್ಲ. ಹಟ್ಟಿಯ ಪರಿಸರದಲ್ಲಿ ಪ್ರಾಚೀನರು ಅಗೆದ ಆಳವಾದ ಕುಣಿಗಳು ದೊರೆತಿವೆ. 1915ರಲ್ಲಿ ಮಸ್ಕಿಯ ಅಶೋಕಶಾಸನವನ್ನು ಕಂಡುಹಿಡಿದ ಬೀಡನ್ ಎಂಬವರು ಚಿನ್ನದ ನೆಲೆಯನ್ನು ಅರಸುತ್ತ ಬಂದ ಎಂಜಿನಿಯರರೇ ಆಗಿದ್ದರು. 1947ರಲ್ಲಿ ಹೈದರಾಬಾದು ಸಂಸ್ಥಾನದಲ್ಲಿ ಸ್ಥಾಪಿತವಾದ ಗಣಿ ಕಂಪನಿಯು 1956ರಲ್ಲಿ ಹಟ್ಟಿಯ ಹೆಸರನ್ನು ತಾಳಿತು. ದೇವದುರ್ಗ ತಾಲ್ಲೂಕಿನ ಊಟಿ ಗ್ರಾಮದಲ್ಲಿಯೂ ಅದೇ ಕಂಪನಿಯ ಗಣಿಯುಂಟು. ಇದಲ್ಲದೆ ಮಾನ್ವಿ, ದೇವದುರ್ಗ ಮತ್ತು ರಾಯಚೂರು ನಗರದ ಸುತ್ತಣ ಮರಡಿಗಳಲ್ಲಿ ಕಲ್ಲು, ಮೊರಂ ತೆಗೆದ ಗುಂಡಿಗಳು ಕಣ್ಣಿಗೆ ಬೀಳುವುವು. ಎಷ್ಟು ಚಿನ್ನ ಬಂದಿತು, ಎಷ್ಟು ಕಲ್ಲು ಹೋಯಿತು ಎಂಬುದಕ್ಕೆ ಲೆಕ್ಕವುಂಟು. ಅಗೆದ ನೆಲವು ಮರಳಿ ಯಾವ ಉಪಯೋಗಕ್ಕೆ ಬಂದಿತೆಂಬ ಲೆಕ್ಕವನ್ನು ಕೇಳುವವರು ವಿರಳ.

ಅಗೆದ ಕಲ್ಲುಮಣ್ಣಿನ ರಾಶಿಯು ಮೂರು ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ತಾನಾಗಿಯೇ ಹಸುರಾಗುವುದು. ನೋಡಿದವರು ನೆಲವು ಚೇತರಿಸಿಕೊಂಡಿತೆಂದು ಸಂತೋಷಪಡುವರು. ಆದರೆ ಹತ್ತಿರ ಹೋಗಿ ಪರೀಕ್ಷಿಸಿದರೆ ಆ ಹಸುರಿನ ಬಹುಭಾಗವು ಬಳ್ಳಾರಿ ಜಾಲಿ ಮತ್ತು ಕಾಂಗ್ರೆಸ್ ಹುಲ್ಲು ಎಂಬ ಎರಡೇ ಕಳೆಗಳಿಂದಾದುದೆಂದು ತಿಳಿಯುವುದು. ಇದನ್ನು ನೆಲದ ಪುನರುದ್ಧಾರವೆಂದು ಎಣಿಸುವುದು ಸರಿಯಲ್ಲ. ದನಕರುಗಳಿಗೆ ಮೇವನ್ನು ಕೊಡದೆ, ನೆರೆಯ ಹೊಲಗಳಿಗೆ ಕಳೆಯ ಬೀಜವನ್ನು ಮಾತ್ರ ಕೊಡುವ ಹಸುರು ಊರಿಗೆ ಲಾಭವಲ್ಲ, ಸಾಲ.

ಬಳ್ಳಾರಿ ಜಾಲಿಯು ಅಮೆರಿಕ ಖಂಡದ ಮೂಲದ್ದು; 1870ರ ದಶಕದಲ್ಲಿ ಸೌದೆಗಾಗಿ ಈ ದೇಶಕ್ಕೆ ತರಲ್ಪಟ್ಟಿತು. ಇದರ ಸಿಹಿಯಾದ ಕಾಯನ್ನು ಕುರಿ, ಆಡು, ದನಗಳು ಆಸೆಯಿಂದ ತಿನ್ನುವುವು. ಗಟ್ಟಿಯಾದ ಬೀಜವು ಹೊಟ್ಟೆಯಲ್ಲಿ ಜೀರ್ಣವಾಗದೆ ಹಿಕ್ಕೆ ಸಗಣಿಗಳೊಡನೆ ಹೊರಬಿದ್ದು ಮೊದಲಿಗಿಂತ ಬೇಗನೆ ಮೊಳೆಯುವುದು. ಹೀಗೆ ಗಣಿಯ ದಿಬ್ಬದಲ್ಲಿ ಮೇದ ಹಿಂಡು ಬದುಗಳಲ್ಲಿಯೂ ಹೊಲಗಳಲ್ಲಿಯೂ ಜಾಲಿಯನ್ನು ಬಿತ್ತಿ ಬರುವುದು. ಕಾಂಗ್ರೆಸ್ ಹುಲ್ಲು 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವನ್ನೆಲ್ಲ ಆವರಿಸಿತು. ಒಂದು ಗಿಡವು ಹತ್ತು ಸಾವಿರಕ್ಕೂ ಮಿಗಿಲಾದ ಬೀಜಗಳನ್ನು ಕೊಡಬಲ್ಲುದು. ಅವು ಗಾಳಿಯಲ್ಲಿ ಹಾರಿ, ನೀರಿನಲ್ಲಿ ತೇಲಿ, ಲಾರಿಯ ಗಾಲಿಗಂಟಿ ಪ್ರಯಾಣಮಾಡುವುವು. ದೇವದುರ್ಗದಲ್ಲಿ ನಾರಾಯಣಪುರದ ಬಲದಂಡೆ ಕಾಲುವೆಯೂ ಮಾನ್ವಿಯಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆಯೂ ಹರಿಯುವುದರಿಂದ, ದಂಡೆಯಲ್ಲಿ ಬಿದ್ದ ಬೀಜವು ದೂರದ ಗದ್ದೆಯನ್ನು ಸೇರಲು ತಡವಾಗದು. ಈ ಗಿಡದ ಸಂಪರ್ಕದಿಂದ ಮನುಷ್ಯರಿಗೆ ಚರ್ಮದ ಉರಿಯೂ ಉಬ್ಬಸವೂ ಬರುವುದುಂಟು. ತಿಂದ ದನದ ಹಾಲು ಕಹಿಯಾಗುವುದು.

ಜಾಲಿಯು ಬಡವರಿಗೆ ಸೌದೆಯನ್ನೂ ಇದ್ದಿಲನ್ನೂ ಕೊಡುವುದಲ್ಲವೆ, ಸಡಿಲವಾದ ಮಣ್ಣನ್ನು ಹಿಡಿಯುವುದಲ್ಲವೆ ಎಂದು ಕೆಲವರು ವಾದಿಸುವರು. ಈ ಮಾತಿನಲ್ಲಿ ಸತ್ಯವುಂಟು. ಆದರೆ ಜಾಲಿಯ ದಟ್ಟಣೆಯ ಕೆಳಗೆ ಹುಲ್ಲು ಬೆಳೆಯಲಾರದು. ಹುಲ್ಲಿಲ್ಲದ ಇಳಿಜಾರಿನ ಮೇಲ್ಮಣ್ಣನ್ನು ಮಳೆಯು ಕೊಚ್ಚಿಕೊಂಡು ಹೋಗುವುದು. ಸೌದೆ ಬೇಕಾದರೆ ಬೇವು, ಕರಿಜಾಲಿ, ಕಮರಗಳೂ ಕೊಡಬಲ್ಲುವು. ಅವುಗಳ ನೆರಳಿನಲ್ಲಿ ಹುಲ್ಲಿಗೂ ಎಡೆಯುಂಟು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಗಣಿಯ ರಾಶಿಗಳಲ್ಲಿ ಎರಡು ಬಗೆಯೆಂಬುದನ್ನು ಅರಿಯಬೇಕು. ಅಗೆದು ಚೆಲ್ಲಿದ ಬರಿಯ ಕಲ್ಲುಮಣ್ಣಿನ ದಿಬ್ಬವು ಒಂದು. ಅದಿರನ್ನು ಅರೆದು ಸಾಯನೈಡಿನಿಂದ ಚಿನ್ನವನ್ನು ಸೆಳೆದುಕೊಂಡ ಮೇಲೆ ಉಳಿಯುವ ನುಣ್ಣನೆಯ ಹೊಯಿಗೆಯ ರಾಶಿಯು ಇನ್ನೊಂದು. ಹಟ್ಟಿಯ ಅದಿರಿನಲ್ಲಿ ಪಾಷಾಣದ ಅಂಶವಿರುವ ಖನಿಜವೂ ಸೇರಿರುವುದರಿಂದ, ಎರಡನೆಯ ಬಗೆಯ ರಾಶಿಯ ಮೇಲೆ ಮೇವನ್ನಾಗಲಿ ಕಾಳನ್ನಾಗಲಿ ಎಂದಿಗೂ ಬೆಳೆಯಕೂಡದು. ಅದನ್ನು ಒಳ್ಳೆಯ ಮಣ್ಣಿನಿಂದ ಮುಚ್ಚಿ, ಲಾವಂಚದಂತಹ ಆಳವಾದ ಬೇರಿನ ಹುಲ್ಲನ್ನು ನೆಟ್ಟು, ದನ ನುಗ್ಗದಂತೆ ಬೇಲಿ ಹಾಕುವುದೇ ಕ್ಷೇಮ. ಮೇವಿನ ಮಾತೆಲ್ಲ ಮೊದಲನೆಯ ಬಗೆಯ ದಿಬ್ಬಕ್ಕೆ ಮಾತ್ರ ಸಲ್ಲುವುದು.

ಎರಡನೆಯದಾಗಿ, ಮೇಲ್ಮಣ್ಣೇ ಮೂಲಧನವು. ಅಗೆತಕ್ಕೆ ಮೊದಲು ಅದನ್ನು ಬೇರೆಯಾಗಿ ತೆಗೆದು, ಎತ್ತರವಲ್ಲದ ರಾಶಿಗಳಲ್ಲಿ ಇಟ್ಟು, ಸೆಣಬನ್ನಾಗಲಿ ಹುರುಳಿಯನ್ನಾಗಲಿ ಬಿತ್ತಿ ಕಾಪಾಡಬೇಕು. ವರ್ಷಗಟ್ಟಲೆ ಎತ್ತರಕ್ಕೆ ಪೇರಿಸಿಟ್ಟ ಮಣ್ಣು ತನ್ನ ಜೀವವನ್ನು ಕಳೆದುಕೊಳ್ಳುವುದು.

ಮೂರನೆಯದಾಗಿ, ಮೊದಲು ಹುಲ್ಲು, ಆಮೇಲೆ ಮರ. ಸಮಾರಂಭಕ್ಕೆ ಸಸಿ ನೆಟ್ಟು, ನಡುವಣ ನೆಲವನ್ನು ಬರಿದಾಗಿ ಬಿಟ್ಟರೆ ಕಳೆಯನ್ನು ಕರೆದು ಮಣೆ ಹಾಕಿದಂತೆಯೇ ಸರಿ. ಇಳಿಜಾರಿಗೆ ಅಡ್ಡಲಾಗಿ ಕಾಲುವೆಗಳನ್ನು ತೋಡಿ, ಮುಂಗಾರಿನ ಹದಮಳೆ ಬಿದ್ದೊಡನೆ ಅಂಜನ ಹುಲ್ಲಿನ ಬೀಜವನ್ನು ಮಣ್ಣು ಗೊಬ್ಬರಗಳೊಡನೆ ಕಲಸಿ ಉಂಡೆಮಾಡಿ ಬಿತ್ತಬೇಕು. ಜೊತೆಗೆ ಸ್ಟೈಲೋ ಎಂಬ ಮೇವಿನ ದ್ವಿದಳ ಸಸ್ಯವನ್ನು ಸೇರಿಸಿದರೆ ನೆಲಕ್ಕೆ ಸಾರಜನಕವೂ ದೊರೆಯುವುದು. ಜಿಲ್ಲೆಯಲ್ಲಿ ಭಾದ್ರಪದದ ಸುಮಾರಿಗೆ ಮಳೆ ಹೆಚ್ಚಾದ್ದರಿಂದ, ಅಷ್ಟರೊಳಗೆ ಹುಲ್ಲು ಬೇರೂರಿದರೆ ಮಣ್ಣು ಉಳಿಯುವುದು. ಹಾಕುವ ಗೊಬ್ಬರವು ಚೆನ್ನಾಗಿ ಕಳಿತುದಾಗಿರಬೇಕು. ಹಸಿಗೊಬ್ಬರದೊಡನೆ ಜಾಲಿಯ ಬೀಜವನ್ನೂ ಬಿತ್ತಿದಂತಾಗುವುದು.

ನಾಲ್ಕನೆಯದಾಗಿ, ಕಳೆಯನ್ನು ಎಳೆಯದಾಗಿರುವಾಗಲೇ ತೆಗೆಯಬೇಕು. ಕಾಂಗ್ರೆಸ್ ಹುಲ್ಲನ್ನು ನೆಲವು ಹಸಿಯಾಗಿರುವಾಗ, ಹೂಬಿಡುವ ಮೊದಲು, ಕೈಗೆ ಬಟ್ಟೆ ಸುತ್ತಿಕೊಂಡು ಬೇರುಸಹಿತ ಕೀಳತಕ್ಕದ್ದು. ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಒಂದಕ್ಕೆ ಹತ್ತಾಗಿ ಚಿಗುರುವುದು. ಒಂದು ಗೇಣಿಗೆ ಕಡಮೆಯಿಲ್ಲದಂತೆ ಆಳದಲ್ಲಿ ಬುಡವನ್ನೇ ಅಗೆದು ತೆಗೆಯಬೇಕು. 1984ರಲ್ಲಿ ಬೆಂಗಳೂರಿನಲ್ಲಿ ಬಿಡಲ್ಪಟ್ಟ ಮೆಕ್ಸಿಕೋ ದೇಶದ ದುಂಬಿಯು ಕಾಂಗ್ರೆಸ್ ಹುಲ್ಲನ್ನು ತಿನ್ನುವುದು ನಿಜ. ಆದರೆ ಅದರ ಕೆಲಸವೆಲ್ಲ ಮಳೆಗಾಲದಲ್ಲಿ. ಬೇಸಗೆಯಲ್ಲಿ ಅದು ಮಣ್ಣಿನೊಳಗೆ ಅಡಗಿಬಿಡುವುದರಿಂದ ಅದೊಂದನ್ನೇ ನಂಬಿ ಕೈಕಟ್ಟಿ ಕೂರಲಾಗದು.

ಈ ಕಾರ್ಯಕ್ಕೆ ಕಾನೂನಿನ ಆಧಾರವಿಲ್ಲವೆಂದಿಲ್ಲ. ಮೇಲ್ಮಣ್ಣನ್ನು ಬೇರೆಯಾಗಿ ಕಾದಿರಿಸಬೇಕೆಂದು 2017ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳು ವಿಧಿಸುತ್ತವೆ. ಗಣಿಗಾರಿಕೆ ಮುಗಿದ ನೆಲದಲ್ಲಿ ಮೇವು ಬೆಳೆಯುವಂತೆ ಮರಳಿ ಹುಲ್ಲನ್ನು ಬೆಳೆಸಬೇಕೆಂಬ ಷರತ್ತನ್ನು ಗುತ್ತಿಗೆಗಳಲ್ಲಿ ಸೇರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರ ಜನವರಿಯಲ್ಲಿ ಕೇಂದ್ರ ಸರ್ಕಾರಕ್ಕೆ ಅಪ್ಪಣೆಮಾಡಿತು. ನ್ಯಾಯಾಲಯವು ಹೆಸರಿಸಿದ್ದು ಹುಲ್ಲನ್ನು. ಕೇವಲ ಹಸುರನ್ನಲ್ಲ ಎಂಬುದನ್ನು ಮನಗಾಣಬೇಕು.

ಕೊರತೆಯಿರುವುದು ಪರೀಕ್ಷೆಯ ಕ್ರಮದಲ್ಲಿ. ನೆಟ್ಟ ಸಸಿಗಳನ್ನು ಎಣಿಸಿ ಕೆಲಸ ಮುಗಿಯಿತೆಂದು ಬರೆಯುವುದರಿಂದ ಪ್ರಯೋಜನವಿಲ್ಲ. ಐದು ವರ್ಷಗಳ ತರುವಾಯ ಎಕರೆಗೆ ಎಷ್ಟು ಮೇವು ಕೊಯ್ಯಬಹುದು, ನೂರು ಹೆಜ್ಜೆ ನಡೆದರೆ ಎಷ್ಟು ಕಳೆಗಿಡಗಳು ಕಾಣುವುವು, ಎಲ್ಲೆಗೆ ಹತ್ತಿದ ಹೊಲಗಳಲ್ಲಿ ಕಳೆಯು ಹೆಚ್ಚಿತೋ ತಗ್ಗಿತೋ ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ಆ ಐದು ವರ್ಷಗಳ ಕಳೆ ತೆಗೆಯುವ ವೆಚ್ಚವು ಆರಂಭದಲ್ಲಿಯೇ ಗುತ್ತಿಗೆದಾರನ ಲೆಕ್ಕದಲ್ಲಿ ಸೇರಿರಬೇಕು. 2009ರಿಂದ ರಾಯಚೂರಿನಲ್ಲಿಯೇ ಕೃಷಿ ವಿಶ್ವವಿದ್ಯಾನಿಲಯವಿರುವುದರಿಂದ ತಜ್ಞರಿಗಾಗಿ ದೂರ ಅರಸಬೇಕಾಗಿಲ್ಲ. ಆದರೆ ಪರೀಕ್ಷೆಯ ದಿನ ನೆರೆಹೊಲದ ಒಕ್ಕಲಿಗನನ್ನೂ ಕುರಿಗಾಹಿಯನ್ನೂ ಕರೆಯುವುದು ಅವಶ್ಯ. ನೆಲವು ಬದುಕಿತೋ ಇಲ್ಲವೋ ಎಂಬುದಕ್ಕೆ ಅವರಿಗಿಂತ ಮೇಲಾದ ಸಾಕ್ಷಿಗಳು ಬೇರೆಯಿಲ್ಲ. ಚಿನ್ನವು ಒಮ್ಮೆ ಹೋದರೆ ಹೋಯಿತು. ಹುಲ್ಲಾದರೋ ಸರಿಯಾಗಿ ನೋಡಿಕೊಂಡರೆ ವರ್ಷವರ್ಷವೂ ಬರುವುದು.