ಹಿತ್ತಲ ಗ್ಯಾಸು ಒಲೆಗೆ ಬೇಡವಾಯಿತೇ?



ಕಳೆದ ಚಳಿಗಾಲದ ಒಂದು ಬೆಳಗಿನ ಜಾವ, ಹಸು ಕರು ಹಾಕಲಾರದೆ ಒದ್ದಾಡುತ್ತಿದೆ ಎಂದು ಫೋನ್ ಬಂತು. ಹೋಗಿ ನೋಡಿದರೆ ಕರುವಿನ ಒಂದು ಮುಂಗಾಲು ಹಿಂದಕ್ಕೆ ಮಡಚಿಕೊಂಡಿತ್ತು. ಕೈ ತೊಳೆಯಲು ಬಿಸಿನೀರು ಕೇಳಿದೆ. ಮನೆಯಾಕೆ ಸಂಕೋಚದಿಂದ, "ಸಿಲಿಂಡರ್ ರಾತ್ರಿನೇ ಖಾಲಿ ಆಯ್ತು ಡಾಕ್ಟ್ರೇ, ಸೌದೆ ಒಲೆ ಹಚ್ಚಿ ಕಾಯಿಸ್ಕೊಡ್ತೀನಿ, ಒಂದ್ಗಳಿಗೆ ತಡೀರಿ" ಎಂದರು. ಸೌದೆ ಇಬ್ಬನಿಗೆ ನೆಂದಿತ್ತು. ಅವರು ಊದಿ ಊದಿ ಕಣ್ಣು ಕೆಂಪಾದ ಮೇಲೆ ನೀರು ಬೆಚ್ಚಗಾಯಿತು. ಪುಣ್ಯಕ್ಕೆ ಕರುವೂ ಉಳಿಯಿತು, ತಾಯಿಯೂ ಉಳಿಯಿತು.

ಕೆಲಸ ಮುಗಿಸಿ ಕೈ ತೊಳೆಯುವಾಗ ಕೊಟ್ಟಿಗೆಯ ಹಿಂದೆ ಕಣ್ಣು ಹೋಯಿತು. ಅಲ್ಲೊಂದು ಗೋಬರ್ ಗ್ಯಾಸ್ ಘಟಕವಿತ್ತು. ಸಗಣಿ ಕಲಸುವ ತೊಟ್ಟಿಯ ತುಂಬ ತೆಂಗಿನ ಚಿಪ್ಪು, ಗುಮ್ಮಟದ ಮೇಲೆ ಕೋಳಿಗಳು. ಕೊಟ್ಟಿಗೆಯಲ್ಲಿ ನಾಲ್ಕು ಮಿಶ್ರತಳಿ ಹಸುಗಳು. ಯಾಕೆ ನಿಂತಿತು ಎಂದು ಕೇಳಿದೆ. "ಪೈಪು ಸೋರ್ತಿತ್ತು. ರಿಪೇರಿ ಮಾಡೋರು ಸಿಗ್ಲಿಲ್ಲ. ಅಷ್ಟೊತ್ತಿಗೆ ಸಿಲಿಂಡರ್ ಬಂತಲ್ಲ, ಬಿಟ್ಬುಟ್ವಿ" ಎಂದರು.

ಅಂದಿನಿಂದ ನಾನು ಹೋದ ಕಡೆಯಲ್ಲೆಲ್ಲ ಕೊಟ್ಟಿಗೆಯ ಹಿಂದೆ ನೋಡುವುದನ್ನು ರೂಢಿ ಮಾಡಿಕೊಂಡಿದ್ದೇನೆ. ನಿಂತುಹೋದ ಘಟಕಗಳು ಒಂದೆರಡಲ್ಲ. ಹೆಚ್ಚಿನವು ನಿಂತಿರುವುದು ದೊಡ್ಡ ಕಾರಣಕ್ಕಲ್ಲ: ಒಂದು ತೂತು ಪೈಪು, ತುಕ್ಕು ಹಿಡಿದ ಒಂದು ವಾಲ್ವು, ಕಟ್ಟಿಕೊಂಡ ಒಂದು ಬರ್ನರ್. ವಿದ್ಯುತ್ ಬಿಲ್ಲು, ಗ್ಯಾಸ್ ಬೆಲೆ ಎಂದು ನಾವು ದಿನವೂ ಮಾತಾಡುತ್ತೇವೆ. ಉರುವಲನ್ನು ದಿನವೂ ಕೊಡುವ ರಾಸುಗಳು ನಮ್ಮ ಕೊಟ್ಟಿಗೆಯಲ್ಲೇ ಇವೆ. ಹೈನುಗಾರರ ಮನೆಯ ಇಂಧನ ಖರ್ಚು ಇಳಿಸಲು ಮೊದಲು ಆಗಬೇಕಾದ ಕೆಲಸ ನಿಂತ ಗೋಬರ್ ಗ್ಯಾಸನ್ನು ಮತ್ತೆ ಉರಿಸುವುದು ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಸ ಘಟಕ, ಹೊಸ ಸಬ್ಸಿಡಿಯ ಮಾತು ಆಮೇಲೆ.

ಲೆಕ್ಕ ಹೀಗಿದೆ. ಸುಮಾರು 25 ಕೆಜಿ ಹಸಿ ಸಗಣಿಯಿಂದ ಒಂದು ಘನ ಮೀಟರ್ ಅನಿಲ ಸಿಗುತ್ತದೆ. ಕಟ್ಟಿ ಸಾಕುವ ಎರಡು ಮೂರು ಮಿಶ್ರತಳಿ ರಾಸುಗಳಿದ್ದರೆ ಅಷ್ಟು ಸಗಣಿಗೆ ತೊಂದರೆಯಿಲ್ಲ. ಒಂದು ಘನ ಮೀಟರ್ ಗೋಬರ್ ಅನಿಲ ಹೆಚ್ಚುಕಡಿಮೆ 430 ಗ್ರಾಂ ಸಿಲಿಂಡರ್ ಗ್ಯಾಸಿಗೆ ಸಮ. ತಿಂಗಳಿಗೆ ಸುಮಾರು 13 ಕೆಜಿ ಆಯಿತು. ನಾವು ಕೊಳ್ಳುವ ಸಿಲಿಂಡರಿನಲ್ಲಿರುವುದು 14.2 ಕೆಜಿ. ಚಳಿಗಾಲದಲ್ಲಿ ಅನಿಲ ಕಡಿಮೆಯಾಗುತ್ತದೆ, ಮನೆಯಲ್ಲಿ ಎಲ್ಲವೂ ಪುಸ್ತಕದ ಲೆಕ್ಕದಂತೆ ನಡೆಯುವುದಿಲ್ಲ. ಅರ್ಧ ಸಿಕ್ಕರೂ ಎರಡು ತಿಂಗಳಿಗೊಂದು ಸಿಲಿಂಡರ್ ಉಳಿಯುತ್ತದೆ.

ಗೊಬ್ಬರವೂ ಕೈಬಿಟ್ಟು ಹೋಗುವುದಿಲ್ಲ. ಬೆರಣಿ ತಟ್ಟಿ ಸುಟ್ಟರೆ ಹೊಲಕ್ಕೆ ಸಿಗುವುದು ಬೂದಿ ಮಾತ್ರ. ಘಟಕದಿಂದ ಹೊರಬರುವ ಬಗ್ಗಡದಲ್ಲಿ ಸಗಣಿಯ ಸಾರಜನಕ ಉಳಿದಿರುತ್ತದೆ. ಅದನ್ನು ನೇಪಿಯರ್ ಹುಲ್ಲಿಗೆ ಬಿಟ್ಟರೆ ಮೇವಾಗಿ ಹಿಂದಿರುಗಿ ಬರುತ್ತದೆ.

ಇದು ನಮಗೆ ಹೊಸ ವಿಷಯವೂ ಅಲ್ಲ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಊರಿನಲ್ಲಿ, 1980ರ ದಶಕದ ಕೊನೆಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಅಮೂಲ್ಯ ರೆಡ್ಡಿ ಮತ್ತು ಅವರ 'ಅಸ್ತ್ರ' ತಂಡದವರು ಇಡೀ ಊರಿಗೆ ಒಂದು ಗೋಬರ್ ಗ್ಯಾಸ್ ಘಟಕ ನಡೆಸಿದರು. ಆ ಅನಿಲದಿಂದ ಎಂಜಿನ್ ಓಡಿ ಕೊಳವೆಬಾವಿಯ ನೀರು ಬೀದಿ ನಲ್ಲಿಗೆ ಬಂತು, ಮನೆಗಳಿಗೆ ದೀಪ ಬಂತು. ಸಗಣಿ ತಂದುಕೊಟ್ಟ ಮನೆಯವರಿಗೆ ತೂಕ ನೋಡಿ ಹಣ ಕೊಡುತ್ತಿದ್ದರು, ಬಗ್ಗಡವನ್ನೂ ವಾಪಸ್ ಕೊಡುತ್ತಿದ್ದರು. ಕೆಲವು ವರ್ಷ ನಡೆದು ಅದು ಮುಂದೆ ನಿಂತಿತು ಎಂಬುದು ನಿಜ. ಆದರೆ ಅದರಲ್ಲಿ ನಾವು ಕಲಿಯಬೇಕಾದ ಎರಡು ಮಾತಿವೆ. ಸಗಣಿಗೆ ಬೆಲೆಯಿದೆ. ಅದನ್ನು ಹೊತ್ತು ತರುವ ಕೈಗೂ ಬೆಲೆಯಿದೆ.

ಎರಡನೆಯ ಮಾತನ್ನು ನಾವು ಮರೆತಿದ್ದೇವೆ. "ಗೋಬರ್ ಗ್ಯಾಸ್ ರಗಳೆ ಬೇಡ" ಎಂದು ಹೆಣ್ಣುಮಕ್ಕಳು ಹೇಳಿದರೆ ಅದನ್ನು ಸೋಮಾರಿತನ ಎಂದುಕೊಳ್ಳಬಾರದು. ಬೆಳಗ್ಗೆ ಕಸ ಬಾಚುವುದು, ಹಾಲು ಕರೆಯುವುದು, ಡೇರಿಗೆ ಹಾಕುವುದು, ಮಕ್ಕಳನ್ನು ಶಾಲೆಗೆ ಕಳಿಸುವುದು. ಇಷ್ಟರ ಮೇಲೆ ಬುಟ್ಟಿ ಸಗಣಿಯನ್ನು ಕೈಯಲ್ಲಿ ಕಲಸಬೇಕೆಂದರೆ ಯಾರಿಗಾದರೂ ಬೇಸರವೇ. ಗ್ಯಾಸ್ ಉಳಿತಾಯದ ಲಾಭ ಮನೆಗೆಲ್ಲ, ಕಲಸುವ ಕೆಲಸ ಮಾತ್ರ ಒಬ್ಬರಿಗೆ ಎಂದರೆ ಘಟಕ ಮತ್ತೆ ನಿಲ್ಲುತ್ತದೆ. ಘಟಕ ಮತ್ತೆ ಶುರು ಮಾಡುವ ಮನೆಯ ಗಂಡಸರು ಸಗಣಿ ಕಲಸುವ ಕೆಲಸವನ್ನು ತಾವೇ ವಹಿಸಿಕೊಳ್ಳಿ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಹಿಡಿಕೆ ಇರುವ ಕಲಸುವ ಯಂತ್ರ ಇದ್ದರೆ ಅದು ಹತ್ತು ನಿಮಿಷದ ಕೆಲಸ.

ಮತ್ತೆ ಶುರು ಮಾಡುವವರಿಗೆ ಕೆಲವು ಮಾತು. ಸಗಣಿಗೆ ಅಷ್ಟೇ ಪ್ರಮಾಣದ ನೀರು ಹಾಕಿ, ಹುಲ್ಲು, ಮರಳು ತೆಗೆದು ಬಿಡಿ. ಪೈಪಿನಲ್ಲಿ ನೀರು ಕಟ್ಟಿಕೊಂಡರೆ ಒಲೆ ಬುಕುಬುಕು ಎಂದು ಉರಿದು ಆರುತ್ತದೆ, ಆ ನೀರನ್ನು ಆಗಾಗ ಹೊರಬಿಡಿ. ಸೋರಿಕೆ ಹುಡುಕಲು ಸೋಪಿನ ನೊರೆ ಹಚ್ಚಿ ನೋಡಿ, ಬೆಂಕಿಕಡ್ಡಿ ಗೀರಬೇಡಿ. ಸಿಲಿಂಡರ್ ಒಲೆಯನ್ನೇ ಇದಕ್ಕೆ ಜೋಡಿಸಬೇಡಿ, ಗೋಬರ್ ಗ್ಯಾಸಿನ ಒಲೆಯೇ ಬೇರೆ. ಕಬ್ಬಿಣದ ಡ್ರಮ್ ಇರುವ ಘಟಕವಾದರೆ ವರ್ಷಕ್ಕೊಮ್ಮೆ ಬಣ್ಣ ಬಳಿಯಿರಿ. ಪಶುವೈದ್ಯನಾಗಿ ಇನ್ನೊಂದು ಮಾತು: ಫಿನಾಯಿಲ್ ಹಾಕಿ ಕೊಟ್ಟಿಗೆ ತೊಳೆದ ನೀರು, ಆ್ಯಂಟಿಬಯೋಟಿಕ್ ಚಿಕಿತ್ಸೆಯಲ್ಲಿರುವ ರಾಸಿನ ಸಗಣಿ ಗುಂಡಿಗೆ ಹೋಗದಿರಲಿ. ಅನಿಲ ಮಾಡುವುದು ಒಳಗಿನ ಸೂಕ್ಷ್ಮಜೀವಿಗಳು. ಅವು ಸತ್ತರೆ ಅನಿಲವೂ ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯ, ಯಾವ ಕಾರಣಕ್ಕೂ ಗುಂಡಿಯೊಳಗೆ ಇಳಿಯಬೇಡಿ. ಖಾಲಿ ಕಾಣುವ ಗುಂಡಿಯಲ್ಲೂ ವಿಷಾನಿಲ ಇರುತ್ತದೆ. ಒಬ್ಬರನ್ನು ಉಳಿಸಲು ಹೋಗಿ ಮತ್ತೊಬ್ಬರೂ ಜೀವ ಕಳೆದುಕೊಳ್ಳುತ್ತಾರೆ.

ಇನ್ನು ಕರೆಂಟಿನ ವಿಷಯ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಅನೇಕ ಮನೆಗಳಿಗೆ ಸೊನ್ನೆ ಬಿಲ್ಲು ಬರುತ್ತಿದೆ, ಸಂತೋಷ. ಆದರೆ ನಮ್ಮಲ್ಲಿ ಬಹಳ ಜನರ ಕೊಟ್ಟಿಗೆಯ ತಂತಿ ಮನೆಯ ಮೀಟರಿಗೇ ಸೇರಿದೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕು. ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ, ನೀರಿನ ಮೋಟಾರು ಎಲ್ಲ ಸೇರಿ ಆ ಗಡಿ ದಾಟುವುದು ಗೊತ್ತೇ ಆಗುವುದಿಲ್ಲ.

ಮೊದಲು ಕೊಟ್ಟಿಗೆಯ ಬಲ್ಬು ನೋಡಿ. ಮನೆಯೊಳಗೆ ಎಲ್‌ಇಡಿ ಬಂದಾಗ ಹಳೆಯ ಗುಂಡು ಬಲ್ಬಿಗೆ ಬಡ್ತಿ ಸಿಕ್ಕಿ ಅದು ಕೊಟ್ಟಿಗೆಗೆ ಬಂದಿರುತ್ತದೆ. 60 ವ್ಯಾಟ್ ಬಲ್ಬು ರಾತ್ರಿ 12 ಗಂಟೆ ಉರಿದರೆ ತಿಂಗಳಿಗೆ 21 ಯೂನಿಟ್ ಮೀರುತ್ತದೆ. 9 ವ್ಯಾಟಿನ ಎಲ್‌ಇಡಿಗೆ ಮೂರು ಯೂನಿಟ್ ಚಿಲ್ಲರೆ. ನೀರು ಕಾಯಿಸುವ 1500 ವ್ಯಾಟಿನ ಕಾಯಿಲ್ ದಿನಕ್ಕೊಂದು ಗಂಟೆ ಹಾಕಿದರೆ ತಿಂಗಳಿಗೆ 45 ಯೂನಿಟ್. ಎರಡು ಎಚ್‌ಪಿ ಮೇವಿನ ಯಂತ್ರವೂ ಗಂಟೆಗೆ ಸುಮಾರು ಒಂದೂವರೆ ಯೂನಿಟ್ ತಿನ್ನುತ್ತದೆ. ಮೊಂಡು ಬ್ಲೇಡಿನಲ್ಲಿ ಅದೇ ಮೇವು ಕತ್ತರಿಸಲು ಹೆಚ್ಚು ಹೊತ್ತು ಬೇಕು. ಬ್ಲೇಡು ಸಾಣೆ ಹಿಡಿಸಿದರೆ ಕರೆಂಟೂ ಉಳಿಯುತ್ತದೆ, ಮೋಟಾರೂ ಉಳಿಯುತ್ತದೆ.

ಕಾಯಿಲ್ ಬಗ್ಗೆ ಇನ್ನೊಂದು ಎಚ್ಚರಿಕೆ. ಅದನ್ನು ಕೊಟ್ಟಿಗೆಯ ಬಕೆಟ್ಟಿನಲ್ಲಿ ಇಳಿಬಿಡಬೇಡಿ. ಹಸುವಿನ ನಾಲ್ಕು ಕಾಲುಗಳ ನಡುವೆ ಅಂತರ ಹೆಚ್ಚು, ನಿಲ್ಲುವುದು ಒದ್ದೆ ನೆಲದ ಮೇಲೆ. ನಮಗೆ ಜುಮ್ಮೆನ್ನುವಷ್ಟು ಕರೆಂಟು ಅದರ ಪ್ರಾಣ ತೆಗೆಯಬಹುದು. ಹೀಗೆ ಸತ್ತ ರಾಸುಗಳ ಮರಣೋತ್ತರ ಪರೀಕ್ಷೆ ಮಾಡಿ ನನಗೆ ಸಾಕಾಗಿದೆ.

ಒಲೆಯ ಇನ್ನೊಂದು ಖರ್ಚು ರಾಸುಗಳಿಗೆ ಬೇಯಿಸಿ ಹಾಕುವುದು. ಬೂಸಾ, ಹಿಂಡಿಯನ್ನು ಬೇಯಿಸದೆ ಕೊಟ್ಟರೆ ಹಾಲು ಬರುವುದಿಲ್ಲ ಎಂಬ ನಂಬಿಕೆ ಇನ್ನೂ ಇದೆ. ಒಕ್ಕೂಟದ ಪಶು ಆಹಾರವನ್ನು ಬೇಯಿಸುವ ಅಗತ್ಯವೇ ಇಲ್ಲ. ಬೇಯಿಸಿದರೆ ಕೆಲವು ಜೀವಸತ್ವಗಳು ನಷ್ಟವಾಗುತ್ತವೆ. ಹುರುಳಿಯನ್ನು ನುಚ್ಚು ಮಾಡಿ ನೆನೆಸಿದರೆ ಸಾಕು. ಹಬ್ಬದ ಮಾರನೆಯ ದಿನ ಉಳಿದ ಅನ್ನ, ಪಾಯಸ ತಿಂದು ಹೊಟ್ಟೆ ಕೆಟ್ಟು ಬಿದ್ದ ಹಸುಗಳಿಗೆ ಡ್ರಿಪ್ ಹಾಕಲು ನಾವು ಓಡಾಡುವುದು ನಿಮಗೂ ಗೊತ್ತು.

ಎಲ್ಲಿ ಉಳಿಸಬಾರದು ಎಂಬುದನ್ನೂ ಹೇಳಬೇಕು. ಹಾಲಿನ ಪಾತ್ರೆ, ಹಾಲು ಕರೆಯುವ ಯಂತ್ರ ತೊಳೆಯುವ ಬಿಸಿನೀರಿನಲ್ಲಿ ಉಳಿಸಬೇಡಿ, ಹಾಲು ಒಡೆದರೆ ನಷ್ಟ ನಿಮ್ಮದೇ. ಹಾಲು ಕರೆಯುವಾಗ ಬೆಳಕು ಚೆನ್ನಾಗಿರಲಿ, ಕೆಚ್ಚಲು ಬಾವು ಶುರುವಾಗಿದ್ದರೆ ಮೊದಲು ಕಾಣಬೇಕಾದದ್ದು ನಿಮಗೇ. ಬೇಸಿಗೆಯಲ್ಲಿ ಕೊಟ್ಟಿಗೆಯ ಫ್ಯಾನ್ ನಿಲ್ಲಿಸಬೇಡಿ. ಸೆಖೆಗೆ ಏದುಸಿರು ಬಿಡುವ ಮಿಶ್ರತಳಿ ಹಸು ಮೇವು ಬಿಡುತ್ತದೆ, ಹಾಲು ಇಳಿಸುತ್ತದೆ, ಬೆದೆಗೂ ಸರಿಯಾಗಿ ಬರುವುದಿಲ್ಲ. ಹತ್ತು ಯೂನಿಟ್ ಉಳಿಸಿ ದಿನಕ್ಕೆರಡು ಲೀಟರ್ ಹಾಲು ಕಳೆದುಕೊಳ್ಳುವುದು ಬುದ್ಧಿವಂತಿಕೆಯಲ್ಲ.

ಕೊನೆಗೆ ನಮ್ಮ ಒಕ್ಕೂಟಕ್ಕೂ ಸಂಘಗಳಿಗೂ ಒಂದು ವಿನಂತಿ. ಹಸು ಬೆದೆಗೆ ಬಂದರೆ ಕೃತಕ ಗರ್ಭಧಾರಣೆ ಕಾರ್ಯಕರ್ತರು ಮನೆಬಾಗಿಲಿಗೆ ಬರುತ್ತಾರೆ. ಜ್ವರ ಬಂದರೆ ನಾವು ಬರುತ್ತೇವೆ. ಗೋಬರ್ ಗ್ಯಾಸ್ ಕೆಟ್ಟರೆ ಯಾರು ಬರುತ್ತಾರೆ? ಘಟಕ ಕಟ್ಟುವಾಗ ಸಬ್ಸಿಡಿ ಇತ್ತು, ಫೋಟೋ ಇತ್ತು. ಕೆಟ್ಟಾಗ ಕರೆಯಲು ಒಂದು ಫೋನ್ ನಂಬರ್ ಇರಲಿಲ್ಲ. ಹತ್ತಾರು ಸಂಘಗಳಿಗೆ ಒಬ್ಬರಂತೆ ಊರಿನ ಯುವಕ ಯುವತಿಯರಿಗೆ ತರಬೇತಿ ಕೊಟ್ಟು, ಪೈಪು, ವಾಲ್ವು, ಬರ್ನರ್‌ಗಳನ್ನು ಸಂಘದಲ್ಲೇ ಸಿಗುವಂತೆ ಮಾಡಿ, ಖರ್ಚನ್ನು ಹಾಲಿನ ಬಟವಾಡೆಯಲ್ಲಿ ಕಂತಾಗಿ ಹಿಡಿದುಕೊಳ್ಳಬಹುದು. ಪಶು ಆಹಾರಕ್ಕೆ ಹೀಗೆ ಮಾಡುತ್ತಲೇ ಇದ್ದೇವೆ, ಇದಕ್ಕೂ ಆಗದೇ? ಮುಂದಿನ ಸರ್ವಸದಸ್ಯರ ಸಭೆಯಲ್ಲಿ ನೀವೇ ಈ ಮಾತು ಎತ್ತಿ. ಸಭೆಗೂ ಮೊದಲು ಊರಲ್ಲಿ ನಿಂತಿರುವ ಘಟಕಗಳೆಷ್ಟು, ಯಾವುದಕ್ಕೆ ಏನಾಗಿದೆ ಎಂದು ಒಂದು ಪಟ್ಟಿ ಮಾಡಿಕೊಳ್ಳಿ.

ತಪ್ಪು ನಿಮ್ಮದಷ್ಟೇ ಎಂದು ನಾನು ಹೇಳುತ್ತಿಲ್ಲ. ಇಷ್ಟು ವರ್ಷ ಕೊಟ್ಟಿಗೆಗೆ ಬಂದು ಲಸಿಕೆ ಹಾಕಿ, ಪುಸ್ತಕದಲ್ಲಿ ಬರೆದುಕೊಂಡು ಹೋದವನು ನಾನು. ಹತ್ತು ಹೆಜ್ಜೆ ಆಚೆ ಇದ್ದ ಗುಮ್ಮಟವನ್ನು ನೋಡಿರಲಿಲ್ಲ.

ಆ ಮನೆಗೆ ಮೊನ್ನೆ ಮತ್ತೆ ಹೋಗಿದ್ದೆ. ಕರು ಚೆನ್ನಾಗಿ ಬೆಳೆದಿದೆ. ಯಜಮಾನರು ತೊಟ್ಟಿಯಲ್ಲಿದ್ದ ಚಿಪ್ಪುಗಳನ್ನೆಲ್ಲ ತೆಗೆದು ತೊಳೆದಿಟ್ಟಿದ್ದಾರೆ. ಪೈಪು ಬದಲಿಸುವವರು ಮಾತ್ರ ಇನ್ನೂ ಸಿಕ್ಕಿಲ್ಲ.

– ಪಶುವೈದ್ಯಾಧಿಕಾರಿ